ಜೋಳಿಗೆ ಹಳೆಯದು, ಭಿಕ್ಷೆ ಹೊಸದು



"ಈ ಕಾಲದಲ್ಲಿ ಮಠಗಳು ಇನ್ನೂ ಬೇಕೆ?" ಎಂಬ ಪ್ರಶ್ನೆಯನ್ನು ನಿಮ್ಮಲ್ಲಿ ಹಲವರು ಬೇರೆ ಬೇರೆ ಸಂದರ್ಭಗಳಲ್ಲಿ ನನ್ನ ಮುಂದಿಟ್ಟಿದ್ದೀರಿ. ಮದುವೆಯ ಮನೆಯಲ್ಲಿ ಕೇಳಿದವರುಂಟು, ದೂರವಾಣಿಯಲ್ಲಿ ಕೇಳಿದವರುಂಟು. ಆ ಪ್ರಶ್ನೆಯಲ್ಲಿ ಸಿಟ್ಟೂ ಇದೆ, ಸಂಕಟವೂ ಇದೆ. ಮಠದ ಅಂಗಳದಲ್ಲಿ ಜಾತಿಯ ಲೆಕ್ಕ, ಚುನಾವಣೆಯ ಲೆಕ್ಕ, ದೇಣಿಗೆಯ ಲೆಕ್ಕ ನಡೆಯುವುದನ್ನು ಕಂಡು ಬಂದ ಸಿಟ್ಟು ಅದು. ಸಂಕಟಕ್ಕೆ ಕಾರಣ ಬೇರೆ. ನಿಮ್ಮಲ್ಲಿ ಎಷ್ಟೋ ಮಂದಿ ಪ್ರಸಾದ ನಿಲಯದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತು, ಮಠದ ಜೋಳದ ನುಚ್ಚು, ಸಾರು ಉಂಡು ಮೆಟ್ರಿಕ್ ದಾಟಿದವರು. ಉಂಡ ಮನೆಯನ್ನು ಬೈಯಲು ಬಾಯಿ ಬಾರದು, ಕಂಡದ್ದನ್ನೆಲ್ಲ ಹೊಗಳಲು ಮನಸ್ಸು ಒಪ್ಪದು.

ನಾನು 34 ವರ್ಷ ಮಾಸ್ತರಿಕೆ ಮಾಡಿ ನಿವೃತ್ತನಾದವನು, ಧರ್ಮಶಾಸ್ತ್ರವನ್ನು ಓದಿದವನಲ್ಲ. ಆದರೂ ಗದಗ ಜಿಲ್ಲೆಯ ನಮ್ಮೂರಿನ ಚಿಕ್ಕ ಮಠದ ಕೆಲಸದಲ್ಲಿ ಕೆಲವು ವರ್ಷಗಳಿಂದ ಕೈಜೋಡಿಸಿದ್ದರಿಂದ ಒಂದು ಮಾತು ನನಗೆ ಮನವರಿಕೆಯಾಗಿದೆ. ಕಾಲಕ್ಕೆ ಹೊಂದಿಕೊಳ್ಳಲು ಮಠವು ತನ್ನ ಹಳೆಯದನ್ನೆಲ್ಲ ಬಿಸಾಡಬೇಕಾಗಿಲ್ಲ. ಪ್ರವಚನವನ್ನು ಯೂಟ್ಯೂಬಿಗೆ ಹಾಕಿದ ಮಾತ್ರಕ್ಕೆ ಅದು ಕಾಲಕ್ಕೆ ಹೊಂದಿಕೊಂಡಂತೆಯೂ ಆಗುವುದಿಲ್ಲ. ತನ್ನಲ್ಲಿರುವ ಹಳೆಯ ಆಚರಣೆಯೊಂದನ್ನು ಕೈಗೆತ್ತಿಕೊಂಡು, ಇದನ್ನು ಇಂದು ಯಾರ ಕಷ್ಟಕ್ಕೆ ಬಳಸಬೇಕು ಎಂದು ಜನರನ್ನೇ ಕೇಳಬೇಕು. ಹಾಗೆ ಕೇಳಿದ ಮಠಗಳು ಜನರ ನಡುವೆ ಉಳಿದುಕೊಂಡಿವೆ.

ಇದು ನನ್ನ ಹೊಸ ಶೋಧವೇನಲ್ಲ. ನಮ್ಮ ನಾಡಿನ ಮಠಗಳ ಚರಿತ್ರೆಯೇ ಇದನ್ನು ಹೇಳುತ್ತದೆ. ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಬಾದಾಮಿಯ ಬಳಿ, ಮಲಪ್ರಭೆಯ ದಡದಲ್ಲಿ ಶಿವಯೋಗ ಮಂದಿರವನ್ನು ಕಟ್ಟಿದರು. ಮುಂದೆ ಮಠಾಧಿಪತಿಗಳಾಗಬೇಕಾದ ವಟುಗಳಿಗೆ ತರಬೇತಿ ಕೊಡುವುದಕ್ಕಾಗಿಯೇ ಹುಟ್ಟಿದ ಸಂಸ್ಥೆ ಅದು. ಕಾವಿ ಉಟ್ಟವನೂ ಕಲಿಯಬೇಕು, ಕಲಿಯದವನು ಪೀಠದ ಮೇಲೆ ಕುಳಿತರೆ ಪೀಠಕ್ಕೂ ಜನಕ್ಕೂ ಕೇಡು ಎಂಬ ತಿಳಿವಳಿಕೆ ಅದರ ಹಿಂದಿತ್ತು. ಸಂಸ್ಕೃತ, ಯೋಗ, ಆಯುರ್ವೇದ, ಸಂಗೀತ ಇವೆಲ್ಲ ಅಲ್ಲಿನ ಪಾಠಗಳಾಗಿದ್ದವು. ಕಣ್ಣಿಲ್ಲದ ಬಾಲಕನೊಬ್ಬನ ಕಂಠವನ್ನು ಗುರುತಿಸಿ, ಅವನಿಗೆ ಸಂಗೀತ ಕಲಿಸುವ ಏರ್ಪಾಟು ಮಾಡಿದವರೂ ಅವರೇ. ಆ ಬಾಲಕ ಮುಂದೆ ಪಂಚಾಕ್ಷರಿ ಗವಾಯಿಗಳಾಗಿ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆಲೆಗೊಳಿಸಿದರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾಗುವವರೆಗೂ ಅಂಧರ, ಅನಾಥರ ಬಾಳಿಗೆ ಆಸರೆಯಾದರು. ಭಿಕ್ಷೆ ಎತ್ತುವುದು ಹಳೆಯ ಪದ್ಧತಿ. ಆ ಭಿಕ್ಷೆಯ ಅನ್ನದಿಂದ ಅಂಧ ಮಕ್ಕಳಿಗೆ ಸಂಗೀತ ಕಲಿಸಿದ್ದು ಹೊಸ ಕೆಲಸ.

ಇನ್ನೊಂದು ಉದಾಹರಣೆ ಇಳಕಲ್ಲಿನದು. ಚಿತ್ತರಗಿ ವಿಜಯ ಮಹಾಂತೇಶ್ವರ ಸಂಸ್ಥಾನ ಮಠದ ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು ಊರೂರಿಗೆ ಹೊರಟರು. ಅವರು ಬೇಡಿದ್ದು ಜೋಳವನ್ನಲ್ಲ, ಹಣವನ್ನೂ ಅಲ್ಲ. "ನಿಮ್ಮ ಕುಡಿತವನ್ನು ಹಾಕಿರಿ, ನಿಮ್ಮ ತಂಬಾಕನ್ನು ಹಾಕಿರಿ" ಎಂಬುದು ಅವರ ಬೇಡಿಕೆಯ ಸಾರವಾಗಿತ್ತು. ಜನ ಬೀಡಿಯ ಕಟ್ಟುಗಳನ್ನು, ಗುಟಕಾ ಚೀಟಿಗಳನ್ನು ಆ ಜೋಳಿಗೆಗೆ ಹಾಕಿ, ಇನ್ನು ಮುಟ್ಟುವುದಿಲ್ಲವೆಂದು ಮಾತು ಕೊಟ್ಟರು. 'ಮಹಾಂತ ಜೋಳಿಗೆ' ಎಂದೇ ಹೆಸರಾದ ಆ ಕಾರ್ಯವನ್ನು ಮೆಚ್ಚಿ ಕರ್ನಾಟಕ ಸರಕಾರ ಅವರ ಜನ್ಮದಿನವಾದ ಆಗಸ್ಟ್ 1ನ್ನು ವ್ಯಸನಮುಕ್ತ ದಿನವೆಂದು ಆಚರಿಸುವ ನಿರ್ಧಾರ ಮಾಡಿತು. ಗಮನಿಸಿರಿ, ಜೋಳಿಗೆ ಬದಲಾಗಲಿಲ್ಲ, ಮನೆಯ ಬಾಗಿಲಲ್ಲಿ ನಿಲ್ಲುವ ಕ್ರಮ ಬದಲಾಗಲಿಲ್ಲ. ಅದರೊಳಗೆ ಬೀಳುವ ವಸ್ತು ಮಾತ್ರ ಬದಲಾಯಿತು.

ಸಿರಿಗೆರೆಯ ಶಿವಕುಮಾರ ಶಿವಾಚಾರ್ಯ ಸ್ವಾಮಿಗಳು ಇದಕ್ಕಿಂತ ಕಠಿಣವಾದ ಒಂದು ಹೆಜ್ಜೆ ಇಟ್ಟರು. 60 ವರ್ಷ ತುಂಬಿದ ಮೇಲೆ ಗುರುವಾದವನು ಪೀಠದಲ್ಲಿ ಉಳಿಯಬಾರದೆಂಬ ನಿಲುವು ತಳೆದು, 1979ರಲ್ಲಿ ಪೀಠವನ್ನು ಶಿಷ್ಯರಿಗೆ ಒಪ್ಪಿಸಿಬಿಟ್ಟರು. ಸರಕಾರದ ನೌಕರನಿಗೆ ನಿವೃತ್ತಿ ಉಂಟು, ಸಂನ್ಯಾಸಿಗೂ ಉಂಟೆಂದು ನಡೆದು ತೋರಿಸಿದವರು ಅಪರೂಪ. ನಮ್ಮ ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. 1974ರಿಂದ 2018ರವರೆಗೆ ಪೀಠದಲ್ಲಿದ್ದ ಅವರು ಸೋಮವಾರದ ಶಿವಾನುಭವವನ್ನು ಊರವರ ಸಾರ್ವಜನಿಕ ಪಾಠಶಾಲೆಯನ್ನಾಗಿ ಮಾಡಿದರು. ಮಠದಿಂದ ನೂರಾರು ಪುಸ್ತಕಗಳನ್ನು ಅಚ್ಚು ಹಾಕಿಸಿದರು. ಗೋಕಾಕ ಚಳವಳಿಯಲ್ಲಿ ಬೀದಿಗಿಳಿದರು. ಕೊಪ್ಪಳದ ಗವಿಮಠವು 2019ರಲ್ಲಿ ಹಿರೇಹಳ್ಳದ ಪುನಶ್ಚೇತನಕ್ಕೆ ಜನರನ್ನು ಕೂಡಿಸಿತು. 2021ರಲ್ಲಿ ಕೊರೊನಾ ಎರಡನೆಯ ಅಲೆ ಬಂದಾಗ ರೋಗಿಗಳ ಆರೈಕೆಗೆ ತನ್ನ ಜಾಗವನ್ನೇ ತೆರೆಯಿತು. ದಾಸೋಹವೆಂಬ ಪದಕ್ಕೆ ಹಾಸಿಗೆ, ಆಮ್ಲಜನಕಗಳೂ ಸೇರಬಲ್ಲವೆಂದು ಆಗ ನಾವು ಕಂಡೆವು.

ಇವೆಲ್ಲ ದೊಡ್ಡ ಮಠಗಳ ಮಾತಾಯಿತು. ಚಿಕ್ಕ ಮಠಗಳ ಕಥೆ ಏನು? ನಾಡಿನ ಬಹುಪಾಲು ಮಠಗಳು ನಮ್ಮೂರಿನ ಮಠದಂಥವೇ. ಹತ್ತಾರು ಎಕರೆ ಹೊಲ, ಒಂದು ಗದ್ದುಗೆ, ಒಂದು ತೇರು, ಸೋರುವ ಮಾಳಿಗೆ. ಒಂದು ಕಾಲಕ್ಕೆ 40 ಹುಡುಗರಿದ್ದ ನಮ್ಮ ಪ್ರಸಾದ ನಿಲಯಕ್ಕೆ ಬೀಗ ಬಿದ್ದು ಬಹಳ ಕಾಲವಾಗಿತ್ತು. ಸರಕಾರದ ವಸತಿನಿಲಯಗಳು ಬಂದವು, ಇಂಗ್ಲಿಷ್ ಶಾಲೆಯ ಹಳದಿ ಬಸ್ಸು ಊರ ಅಗಸಿಗೇ ಬಂತು. ಓದಿದ ಹುಡುಗರು ಬೆಂಗಳೂರು, ಪುಣೆ ಸೇರಿದರು. ಓದದವರು ಗೋವೆಗೆ ದುಡಿಯಲು ಹೋದರು. ಊರಲ್ಲಿ ಉಳಿದವರು ಮುದುಕರು, ಮಕ್ಕಳು ಮತ್ತು ಕೆಲಸವಿಲ್ಲದ ಕೆಲವು ತರುಣರು. 2021, 2022 ಎರಡು ವರ್ಷ ಜಾತ್ರೆ ನಿಂತು, ಮರು ವರ್ಷ ತೇರು ಎಳೆಯುವಾಗ ಹಗ್ಗಕ್ಕೆ ಕೈಗಳೇ ಸಾಲದಾದವು.

2018ರಲ್ಲಿ ನಮ್ಮ ಪೀಠಕ್ಕೆ ಬಂದ ಸ್ವಾಮಿಗಳಿಗೆ ಆಗ 26 ವರ್ಷ. ಧಾರವಾಡದಲ್ಲಿ ಎಂ.ಎ. ಓದಿದವರು, ಮಾತು ಮೃದು. ಬಂದ ಹೊಸದರಲ್ಲಿಯೇ ಅವರ ದಿನಚರಿಯನ್ನು ಊರೇ ನುಂಗಿಬಿಟ್ಟಿತು. ಮನೆಯ ಗೃಹಪ್ರವೇಶ, ಅಂಗಡಿಯ ಪ್ರಾರಂಭೋತ್ಸವ, ಟ್ರ್ಯಾಕ್ಟರ್ ಪೂಜೆ. ಒಂದೇ ದಿನ ಏಳು ಕಡೆ ಪಾದಪೂಜೆ. ಚುನಾವಣೆ ಬಂತೆಂದರೆ ಎಲ್ಲ ಪಕ್ಷದವರೂ ಬಂದು ಶಾಲು ಹೊದಿಸಿ ಚಿತ್ರ ತೆಗೆಸಿಕೊಂಡು ಹೋಗುವರು. ಎಲ್ಲರೂ ಅವರ ಕಾಲಿಗೆ ಬೀಳುತ್ತಿದ್ದರು, "ಉಂಡಿರೇನು?" ಎಂದು ಕೇಳುವವರು ಇರಲಿಲ್ಲ. ಭಕ್ತರು ಎತ್ತರದಲ್ಲಿ ಕೂರಿಸಿದ ಮನುಷ್ಯನ ಒಂಟಿತನ ಬಹಳ ದೊಡ್ಡದು.

2023ರ ಬೇಸಿಗೆಯಲ್ಲಿ ಊರಿನಲ್ಲಿ ಒಂದು ಘಟನೆ ನಡೆಯಿತು. ನನ್ನ ವಿದ್ಯಾರ್ಥಿನಿಯೇ ಆಗಿದ್ದ ಒಬ್ಬ ತಾಯಿಯ ಮಗ, ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಆಟಗಳಿಗೆ ಸಿಕ್ಕು, ಸಾಲದ ಮೇಲೆ ಸಾಲ ಮಾಡಿ, ಒಂದು ರಾತ್ರಿ ಯಾರಿಗೂ ಹೇಳದೆ ಊರು ಬಿಟ್ಟ. ಮರುದಿನ ಆ ತಾಯಿ ಮಠಕ್ಕೆ ಬಂದಳು. ಸ್ವಾಮಿಗಳು ಎಂದಿನಂತೆ ವಿಭೂತಿ ಕೊಡಲು ಕೈ ಚಾಚಿದರೆ, "ಅಪ್ಪಾವರ, ವಿಭೂತಿ ಬ್ಯಾಡ್ರಿ. ನನ್ನ ಮಗ ಯಾಕ ಹಿಂಗಾದ ಅನ್ನೂದು ಹೇಳ್ರಿ" ಎಂದು ಅಲ್ಲಿಯೇ ಕುಳಿತುಬಿಟ್ಟಳಂತೆ. ಅಂದು ಸಂಜೆ ಸ್ವಾಮಿಗಳು ನನಗೆ ಹೇಳಿಕಳಿಸಿದರು. ನಾನು ಹೋದಾಗ ಗದ್ದುಗೆಯ ಹಿಂದಿನ ಕೋಣೆಯಲ್ಲಿ ದೀಪವನ್ನೂ ಹಾಕದೆ ಕುಳಿತಿದ್ದರು.

"ಮಾಸ್ತರ, ನನಗ ಮಂತ್ರ ಕಲಿಸ್ಯಾರ, ಪ್ರವಚನ ಹೇಳೂದು ಕಲಿಸ್ಯಾರ. ಅಂಥಾ ತಾಯಿ ಮುಂದ ಕುಂತಾಗ ಏನ ಮಾತಾಡಬೇಕು ಅನ್ನೂದು ಯಾರೂ ಕಲಿಸಿಲ್ಲ. ಈ ಪೀಠ ಬಿಟ್ಟು ಹೋಗಬೇಕು ಅನ್ನಸ್ತೈತಿ" ಎಂದರು.

"ಅಪ್ಪಾವರ, ಆಕಿ ಮಾತು ನೀವು ಸುಮ್ಮನ ಕುಂತು ಕೇಳಿದಿರಲ್ಲ, ಅದ ದೊಡ್ಡದು. ಉಳಿದ ಮನಿ ಮಾತೂ ಹಂಗ ಕೇಳೋಣು ನಡೀರಿ" ಎಂದೆ.

ಶ್ರಾವಣ ಮಾಸದಲ್ಲಿ ತಿಂಗಳಿಡೀ ಪ್ರವಚನ ನಡೆಯುವುದು ನಮ್ಮೂರಿನ ವಾಡಿಕೆ. ಸ್ವಾಮಿಗಳು ಹೇಳುವರು, ಜನ ಕೇಳುವರು. ಆ ವರ್ಷ ಅದನ್ನು ತಿರುವುಮುರುವು ಮಾಡಿದೆವು. ಜನ ಹೇಳಬೇಕು, ಸ್ವಾಮಿಗಳು ಕೇಳಬೇಕು. ಪ್ರತಿ ಸಂಜೆ ಒಂದೊಂದು ಓಣಿಗೆ ಜೋಳಿಗೆ ಹಿಡಿದು ಹೋಗುವುದು. ಒಂದು ಹಿಡಿ ಜೋಳದ ಜೊತೆಗೆ ಆ ಮನೆಯ ಒಂದು ಕಷ್ಟವನ್ನೂ ಭಿಕ್ಷೆಯಾಗಿ ಪಡೆಯುವುದು. ಪಾದಪೂಜೆ ಇಲ್ಲ, ಮೈಕು ಇಲ್ಲ, ಉಪದೇಶ ಇಲ್ಲ. ಕೇಳಿದ್ದನ್ನು ಹೆಸರು ನಮೂದಿಸದೆ ಒಂದು ನೋಟುಬುಕ್ಕಿನಲ್ಲಿ ಬರೆದುಕೊಳ್ಳುವ ಕೆಲಸ ನನ್ನದು.

ಮೊದಲ ವಾರ ಸರಾಗವಾಗಿ ಸಾಗಿತು. ಎರಡನೆಯ ವಾರ ದಲಿತರ ಕೇರಿಯ ಸರದಿ ಬಂದಾಗ ಹಿರಿಯರು ಕೆಲವರು ಮಠಕ್ಕೆ ಬಂದರು. ಹಿಂದಿನ ಸ್ವಾಮಿಗಳು ಕೇರಿಯ ಅಂಚಿನ ಬೇವಿನ ಕಟ್ಟೆಯವರೆಗೆ ಮಾತ್ರ ಹೋಗುತ್ತಿದ್ದರು. "ಅಪ್ಪಾವರು ಒಳಗ ಹೋದ್ರ ಮಠದ ಮರ್ಯಾದಿ ಏನ ಉಳಿತೈತ್ರಿ?" ಎಂದು ಅವರಲ್ಲೊಬ್ಬರು ಕೇಳಿದರು. ದಾಸೋಹ ಭವನಕ್ಕೆ ದೊಡ್ಡ ಮೊತ್ತದ ದೇಣಿಗೆಯ ವಾಗ್ದಾನ ಮಾಡಿದ್ದವರು ಅವರು. ಸ್ವಾಮಿಗಳು ದನಿ ಏರಿಸಲಿಲ್ಲ. "ಗೌಡ್ರ, ಜೋಳಿಗಿ ಹಿಡದವಗ ಮರ್ಯಾದಿ ಎಲ್ಲಿಂದ ಬಂತ್ರಿ? ನಾ ಬೇಡಾಕ ಹೊಂಟೇನಿ, ಕೊಡಾಕ ಅಲ್ಲ" ಎಂದರು. ಅಂದು ಸಂಜೆ ಕೇರಿಯೊಳಗೆ ಹೋದರು. ಒಂದು ಮನೆಯ ಪಡಸಾಲೆಯಲ್ಲಿ ಕುಳಿತು ರೊಟ್ಟಿ ತಿಂದರು. ದೇಣಿಗೆಯ ಮಾತು ಅಲ್ಲಿಗೇ ಮುಗಿಯಿತು. ದಾಸೋಹ ಭವನದ ಪಾಯದ ಕಲ್ಲುಗಳು ಇಂದಿಗೂ ಹಾಗೆಯೇ ನಿಂತಿವೆ. ನಮ್ಮ ಜಿಲ್ಲೆಯ ಡಂಬಳದ ಜಾತ್ರೆಯಲ್ಲಿ ಎಲ್ಲ ಸಮುದಾಯದವರ ಮನೆಯ ರೊಟ್ಟಿಯೂ ಒಂದೇ ರಾಶಿಗೆ ಬಂದು ಪ್ರಸಾದವಾಗುವುದನ್ನು ಕಂಡಿದ್ದ ನಮಗೆ, ಅದನ್ನು ನಮ್ಮೂರಲ್ಲಿ ಮಾಡಲು ಎಷ್ಟು ಬೆಲೆ ತೆರಬೇಕೆಂಬುದು ಅಂದು ತಿಳಿಯಿತು.

ತಿಂಗಳ ಕೊನೆಗೆ ನೋಟುಬುಕ್ಕು ತುಂಬಿತು. ಅದರಲ್ಲಿದ್ದ ಕಷ್ಟಗಳು ನಾವು ಊಹಿಸಿದಂಥವಾಗಿರಲಿಲ್ಲ. ಮೋಕ್ಷದ ಬಗ್ಗೆ ಯಾರೂ ಕೇಳಿರಲಿಲ್ಲ. ಮುದುಕರು ಹೇಳಿದ್ದು ಹೀಗೆ: ಪಿಂಚಣಿ ಬ್ಯಾಂಕಿಗೆ ಬರುತ್ತದೆ, ಮೊಬೈಲಿಗೆ ಬರುವ ಅಂಕಿಯನ್ನು ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದೆಂದು ತಿಳಿಯದು. ಹೆಣ್ಣುಮಕ್ಕಳು ಹೇಳಿದ್ದು: ಪರೀಕ್ಷೆಗೆ ಓದಬೇಕು, ಮನೆಯಲ್ಲಿ ಜಾಗವಿಲ್ಲ, ಬಸ್‌ಸ್ಟ್ಯಾಂಡಿನ ಬಳಿಯ ಗ್ರಂಥಾಲಯಕ್ಕೆ ಹೋಗಲು ಅಪ್ಪ ಬಿಡುವುದಿಲ್ಲ. ಹೆಂಗಸರು ಹೇಳಿದ್ದು ಎರಡೇ: ಕುಡಿತ ಮತ್ತು ಮೊಬೈಲಿನ ಜೂಜು. ತರುಣರು ಹೇಳಿದ್ದು ಎಲ್ಲಕ್ಕಿಂತ ನೇರವಾಗಿತ್ತು: "ಜಾತ್ರಿ ಪಟ್ಟಿ ಕೊಡ್ತೀವಿ, ಲೆಕ್ಕ ಯಾರು ಕೊಡ್ತಾರ?"

ಮುಂದಿನ ಕೆಲಸಗಳು ಒಂದೊಂದಾಗಿ ನಡೆದವು. ಜಾತ್ರೆಯ ಜಮಾಖರ್ಚನ್ನು ಮಠದ ಹೆಬ್ಬಾಗಿಲಿನ ಹಲಗೆಯ ಮೇಲೆ ಬರೆದು ಹಾಕಿದೆವು. ಪ್ರತಿ ವರ್ಷ ಲೆಕ್ಕ ತಪಾಸಣೆ ಕಡ್ಡಾಯವಾಯಿತು. ಬೀಗ ಬಿದ್ದಿದ್ದ ಪ್ರಸಾದ ನಿಲಯವನ್ನು ಸುಣ್ಣ ಬಳಿದು, ಹಗಲು ಹೊತ್ತಿನ ಓದುಮನೆಯಾಗಿ ತೆರೆದೆವು. ಮಧ್ಯಾಹ್ನದ ಪ್ರಸಾದ ಅಲ್ಲಿಯೇ. ಯಾರ ಜಾತಿಯನ್ನೂ ಕೇಳುವುದಿಲ್ಲ. ಸ್ವಾಮಿಗಳು ಪಾದಪೂಜೆಗಳನ್ನು ವಾರದಲ್ಲಿ ಒಂದೇ ದಿನಕ್ಕೆ ಸೀಮಿತಗೊಳಿಸಿದರು. ಉಳಿದ ಸಂಜೆಗಳಲ್ಲಿ ಅಂಗಳದ ಚಾಪೆಯ ಮೇಲೆ ಕುಳಿತಿರುತ್ತಾರೆ. ಯಾರು ಬೇಕಾದರೂ ಬಂದು ಮಾತಾಡಬಹುದು. ತಮ್ಮಿಂದ ಪರಿಹಾರವಾಗದ ಸಂಕಟವಿದ್ದರೆ ಸರಕಾರದ ದೂರವಾಣಿ ಸಹಾಯವಾಣಿಗೋ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೋ ಕಳಿಸುತ್ತಾರೆ. ತಾಯತ ಕಟ್ಟುವ ಕೈಯೇ ವೈದ್ಯರಿಗೆ ಚೀಟಿ ಬರೆದುಕೊಟ್ಟರೆ ಜನ ಅಂಜದೆ ಹೋಗುತ್ತಾರೆ ಎಂಬುದನ್ನು ನಾನು ಕಣ್ಣಾರೆ ಕಂಡೆ.

ಎಲ್ಲವೂ ಕೈಗೂಡಿತೆಂದು ತಿಳಿಯಬೇಡಿರಿ. ಅಂತರ್ಜಾಲದಲ್ಲಿ ಪ್ರವಚನ ಬಿತ್ತರಿಸುವ ಪ್ರಯತ್ನ ಬೇಗನೆ ಸೊರಗಿತು. ದೂರದೂರಿನ ಮಕ್ಕಳಿಗೆ ಬೇಕಾದದ್ದು ಪ್ರವಚನವಲ್ಲ, ಊರಲ್ಲಿರುವ ತಾಯ್ತಂದೆಯರ ಯೋಗಕ್ಷೇಮದ ಸುದ್ದಿ. ಜೂಜಿನ ಚಟವನ್ನು ಜೋಳಿಗೆಗೆ ಹಾಕಿ ಮಾತು ಕೊಟ್ಟವರಲ್ಲಿ ಕೆಲವರು ಮಾತು ಮುರಿದರು. 2025ರ ಆಗಸ್ಟಿನಲ್ಲಿ ಕೇಂದ್ರ ಸರಕಾರ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ತಂದಾಗ ನಮಗೆ ಸಮಾಧಾನವಾಯಿತು. ಆದರೆ ಕಾನೂನು ಆಟವನ್ನು ಮುಚ್ಚಬಲ್ಲದು, ಹುಡುಗನ ಒಳಗಿನ ಬರಿದುತನವನ್ನು ತುಂಬಲಾರದು. ಊರು ಬಿಟ್ಟು ಹೋದ ಆ ಹುಡುಗ ಇನ್ನೂ ಹಿಂದಿರುಗಿಲ್ಲ. ತಿಂಗಳಿಗೊಮ್ಮೆ ಫೋನು ಮಾಡುತ್ತಾನೆ. ತಾಯಿಗಲ್ಲ, ಸ್ವಾಮಿಗಳಿಗೆ. ಆ ತಾಯಿ ಸಂಜೆ ಬಂದು ಅವನ ಸುದ್ದಿ ಕೇಳಿಕೊಂಡು ಹೋಗುತ್ತಾಳೆ.

ಈ ಮಾತು ಲಿಂಗಾಯತ ಮಠಗಳಿಗೆ ಮಾತ್ರ ಸೇರಿದ್ದಲ್ಲ. ರೋಮಿನಲ್ಲಿ 1962ರಿಂದ 1965ರವರೆಗೆ ನಡೆದ ಕ್ಯಾಥೋಲಿಕರ ಮಹಾಸಭೆಯ ತರುವಾಯ ಮಂಗಳೂರು ಸೀಮೆಯ ಇಗರ್ಜಿಗಳಲ್ಲಿ ಲ್ಯಾಟಿನ್ ಪೂಜೆ ಹಿಂದೆ ಸರಿದು, ಕೊಂಕಣಿ, ಕನ್ನಡಗಳಲ್ಲಿ ಪೂಜೆ ನಡೆಯತೊಡಗಿತು. ಜನರಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದ ಪಾದ್ರಿಗಳು ಜನರತ್ತ ಮುಖ ಮಾಡಿದರು. ಅದೇ ಮಂಗಳೂರಿನ ಕುದ್ರೋಳಿಯಲ್ಲಿ, 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠಾಪಿಸಿದ ಗೋಕರ್ಣನಾಥ ದೇವಾಲಯದಲ್ಲಿ, 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕಿಯರನ್ನಾಗಿ ನೇಮಿಸಿದರು. ಅಲ್ಲಿಯೂ ಪೂಜೆ ಹಳೆಯದೇ, ಪೂಜಿಸುವ ಕೈ ಹೊಸದು.

ಇನ್ನು ನನಗೆ ಅತ್ಯಂತ ಮುಖ್ಯವೆನಿಸುವ ಎರಡು ಮಾತುಗಳನ್ನು ಹೇಳಿ ಮುಗಿಸುತ್ತೇನೆ. ಒಂದು, ಗುರುಗಳ ಶಿಕ್ಷಣ. ಶಿವಯೋಗ ಮಂದಿರದ ಕಾಲದಲ್ಲಿ ವಟುವಿಗೆ ಆಯುರ್ವೇದ ಬೇಕಾಗಿತ್ತು, ಏಕೆಂದರೆ ಹಳ್ಳಿಯಲ್ಲಿ ವೈದ್ಯರಿರಲಿಲ್ಲ. ಇಂದಿನ ವಟುವಿಗೆ ಲೆಕ್ಕಪತ್ರದ ತಿಳಿವಳಿಕೆ ಬೇಕು, ಟ್ರಸ್ಟಿನ ಕಾನೂನು ಗೊತ್ತಿರಬೇಕು, ನೊಂದವರ ಮಾತನ್ನು ನಡುವೆ ಬಾಯಿ ಹಾಕದೆ ಕೇಳುವ ಅಭ್ಯಾಸ ಬೇಕು. ಎಲ್ಲಕ್ಕೂ ಮಿಗಿಲಾಗಿ, ವಸತಿಗೆ ಮಕ್ಕಳನ್ನು ಇಟ್ಟುಕೊಳ್ಳುವ ಪ್ರತಿಯೊಂದು ಮಠವೂ ಮಕ್ಕಳ ರಕ್ಷಣೆಗೆಂದು 2012ರಲ್ಲಿ ಬಂದ ಪೋಕ್ಸೋ ಕಾನೂನನ್ನು ಓದಿ ಪಾಲಿಸಬೇಕು. ಹೆಣ್ಣುಮಕ್ಕಳಿಗೆ ಮಹಿಳಾ ಮೇಲ್ವಿಚಾರಕಿ ಇರಬೇಕು, ಮಗು ಅಂಜದೆ ದೂರು ಹೇಳುವ ದಾರಿ ಮಠದ ಹೊರಗೂ ಇರಬೇಕು, ಸ್ವಾಮಿಗಳು ಸಹಿತ ಯಾರೂ ಆ ನಿಯಮಕ್ಕೆ ಹೊರತಾಗಬಾರದು. ಭಕ್ತಿಯ ಹೆಸರಿನಲ್ಲಿ ಇದನ್ನು ಕೇಳದೆ ಇರುವುದು ಭಕ್ತಿಯಲ್ಲ, ಹೊಣೆಗೇಡಿತನ. ಇದನ್ನು ಒಬ್ಬ ಶಿಕ್ಷಕನಾಗಿ ಒತ್ತಿ ಹೇಳುತ್ತಿದ್ದೇನೆ.

ಎರಡನೆಯದು, ಭಕ್ತರ ಕರ್ತವ್ಯ. ಗುರುವನ್ನು ಕೆಡಿಸುವುದು ಹಲವು ಸಲ ನಮ್ಮ ಹೊಗಳಿಕೆಯೇ. ಕಿರೀಟ ತೊಡಿಸುವವರು ನಾವು, ಅಡ್ಡಪಲ್ಲಕ್ಕಿ ಹೊರುವವರು ನಾವು, ಆಮೇಲೆ "ಸ್ವಾಮಿಗಳು ಜನರಿಂದ ದೂರವಾದರು" ಎನ್ನುವವರೂ ನಾವೇ. ತೇರಿಗೆ ಬೆಳ್ಳಿಯ ಕಳಸ ಮಾಡಿಸುವ ಬದಲು ಒಬ್ಬ ಮರಿಯ ಓದಿನ ಖರ್ಚು ಹೊತ್ತರೆ ಆ ಮಠ ಮುಂದಿನ 50 ವರ್ಷ ಬಾಳುತ್ತದೆ.

ಆದ್ದರಿಂದ, ಮಠಗಳು ಬೇಕೆ ಎಂದು ನನ್ನನ್ನು ಕೇಳುವ ನಿಮಗೆ ನಾನು ಕೊಡುವ ಮನೆಗೆಲಸ ಇಷ್ಟೇ. ಮುಂದಿನ ಸಲ ಊರಿಗೆ ಬಂದಾಗ ನಿಮ್ಮೂರಿನ ಮಠಕ್ಕೋ, ಗುಡಿಗೋ, ಮಸೀದಿಗೋ, ಇಗರ್ಜಿಗೋ ಹೋಗಿರಿ. ಕಾಣಿಕೆಯನ್ನು ಹಾಕಿ ಅವಸರದಲ್ಲಿ ಹೊರಬೀಳಬೇಡಿರಿ. ಅಲ್ಲಿನ ಗುರುಗಳ ಎದುರು ಅರ್ಧ ಗಂಟೆ ಕುಳಿತು, ನಿಮ್ಮ ಮನೆಯ ಒಂದು ನಿಜವಾದ ಕಷ್ಟವನ್ನು ಹೇಳಿರಿ. ಅವರಿಗೆ ಏನು ಕಷ್ಟವಿದೆಯೆಂದೂ ಕೇಳಿರಿ. ಲೆಕ್ಕದ ಹಲಗೆ ಎಲ್ಲಿದೆಯೆಂದು ವಿನಯದಿಂದ ವಿಚಾರಿಸಿರಿ. ಅವರು ಸಿಟ್ಟಾದರೆ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲಿಯೇ ಸಿಕ್ಕಿತು. ಸಿಟ್ಟಾಗದೆ ಚಾಪೆ ಹಾಸಿ ಕೂರಿಸಿದರೆ, ಅಂಥ ಮಠದ ಜೊತೆ ಕೆಲಸ ಮಾಡಲು ನಿಮ್ಮ ಓದು, ನಿಮ್ಮ ಅನುಭವ ಎರಡೂ ಬೇಕಾಗಿವೆ.

ನಿಮ್ಮೆಲ್ಲರಿಗೂ ಒಳಿತಾಗಲಿ.